ಬಣ್ಣ ಗೊತ್ತಿಲ್ಲ, ಅರ್ಧ ಬೆಲೆ

ಮಳೆ ಬಂದರೆ ಕೇಡಿಲ್ಲ ಎಂದವರು
ಕುಂಡದಲ್ಲಿ ಗಿಡ ಸಾಕಿದವರಲ್ಲ.
ನೆಲಕ್ಕೆ ಬಿದ್ದದ್ದು ಎಲ್ಲಿಗೋ ಇಳಿದು ಹೋಗುತ್ತದೆ;
ಕುಂಡಕ್ಕೆ ಬಿದ್ದದ್ದು ಅಲ್ಲೇ ಕೂತು ಬೇರು ತಿನ್ನುತ್ತದೆ,
ಊಟ ಮುಗಿದರೂ ಏಳದ ನೆಂಟನ ಹಾಗೆ.

ನವೆಂಬರ್ ಒಂದಕ್ಕೆ ನಮ್ಮ ಸೇವಂತಿಗೆಯೆಲ್ಲ
ಊರ ಸಮಾಧಿಗಳಿಗೆ ಹೋಯಿತು.
ಆ ದುಡ್ಡಿನಲ್ಲಿ ಚಪ್ಪರಕ್ಕೆ ಹೊಸ ಪ್ಲಾಸ್ಟಿಕ್ ಹೊದಿಸಿದೆವು.
ಎರಡನೇ ತಾರೀಕು ಹಿಡಿದದ್ದು
ಕ್ರಿಸ್‌ಮಸ್ಸಿಗೂ ಬಿಡಲಿಲ್ಲ,
ಮೂವರು ರಾಜರ ಹಬ್ಬಕ್ಕೂ ಬಿಡಲಿಲ್ಲ.
ನಮ್ಮ ಗಲೀಸಿಯಾದ ಮಾತಿನಲ್ಲಿ
ಮಳೆಗೆ ಬೇಕಾದಷ್ಟು ಹೆಸರಿವೆ:
ಹನಿಯುವುದಕ್ಕೆ, ಜಿನುಗುವುದಕ್ಕೆ, ಅಡ್ಡ ಬೀಸುವುದಕ್ಕೆ.
ಜನವರಿ ಹೊತ್ತಿಗೆ ಅಮಾರೋ ಒಂದನ್ನೇ ಬಳಸುತ್ತಿದ್ದ,
ಅದನ್ನು ಮಗಳ ಎದುರು ಹೇಳುವಂತಿಲ್ಲ.

ಬೆಳಗಿನ ಆರಕ್ಕೆ ಪಂಪು.
ಆಮೇಲೆ ಕುಂಡಗಳನ್ನು ಬಿಯರ್ ಕ್ರೇಟುಗಳ ಮೇಲೆ ಏರಿಸುವುದು,
ಬಸವನಹುಳುಗಳನ್ನು ಹೆಕ್ಕಿ ಡಬ್ಬಕ್ಕೆ ತುಂಬುವುದು,
ಸೈಕ್ಲಮೆನ್ನಿನ ಬೂದಿ ಬಂದ ಎಲೆಗಳನ್ನು
ಒಂದೊಂದಾಗಿ ಬುಡದಿಂದ ತಿರುಚಿ ಕೀಳುವುದು.
ಕೈ ಮರಗಟ್ಟಿ, ಕಿತ್ತದ್ದು ಎಲೆಯೋ ಉಗುರೋ ತಿಳಿಯದು.
ಇಡೀ ಮನೆಯಲ್ಲಿ ಒಣಗಿದ್ದದ್ದು ಒಂದೇ:
ಯಾವುದೋ ಬಿಸಿಲ ದೇಶದಿಂದ ಬಂದ
ತೆಂಗಿನ ನಾರಿನ ಇಟ್ಟಿಗೆಗಳು.
ಅದರ ಮೇಲೆ ಬೆಕ್ಕು ಮಲಗಿತು;
ಮಾರ್ಚಿನವರೆಗೆ ಏಳಲಿಲ್ಲ.

ಚೀಟಿಯ ಸಂಗತಿಗೆ ಬರುತ್ತೇನೆ.
ಅತ್ತೆ ದೊರಿಂದಾ ಹೆಸರು ಬರೆಯುವುದು ಪೆನ್ಸಿಲಿನಲ್ಲಿ,
ತುದಿಗೆ ಎಂಜಲು ಹಚ್ಚಿ.
ನಾನು ಸೊಸೆ, ಓದಿದವಳು;
ಪೇಟೆಯಿಂದ ಮಾರ್ಕರ್ ತಂದೆ.
ಪೊಟ್ಟಣದ ಮೇಲೆಯೇ ಇತ್ತು: ಎಂದೂ ಅಳಿಸದು.
ಎರಡು ವರ್ಷದ ಮುನ್ನೂರನಲವತ್ತು ಕಮೀಲಿಯಾಗಳಿಗೆ
ಮುತ್ತಿನಂಥ ಅಕ್ಷರದಲ್ಲಿ ಬರೆದೆ.
ಜನವರಿ ಕೊನೆಗೆ ನೋಡಿದರೆ
ಮುನ್ನೂರನಲವತ್ತು ಬಿಳಿ ಪಟ್ಟಿಗಳು,
ಉತ್ತರ ಬರೆಯದೆ ಎದ್ದುಹೋದ ಪರೀಕ್ಷೆಯ ಹಾಗೆ.
ಪಕ್ಕದ ಸಾಲಿನಲ್ಲಿ ಅತ್ತೆಯ ಇಪ್ಪತ್ತು ವರ್ಷದ ತಾಯಿಗಿಡಗಳು;
ಒಂದಕ್ಷರ ಮಾಸಿರಲಿಲ್ಲ.

ಅತ್ತೆ ಏನೂ ಅನ್ನಲಿಲ್ಲ.
ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.
ಮೊಣಕಾಲೂರುವ ದಿಂಬು ತಂದು ಕೂತಳು,
ಎಲೆ ಮಗುಚಿದಳು, ಅಂಚಿನ ಗರಗಸಕ್ಕೆ ಬೆರಳು ಸವರಿದಳು.
ಇದು ಕೆಂಪು.
ಇದು ಬಿಳಿಯ ಮೇಲೆ ಕೆಂಪು ಗೆರೆ.
ಇದು ನಮ್ಮಮ್ಮನ ಗುಲಾಬಿ ಬಣ್ಣದ್ದು.
ಇದು... ಇರಲಿ, ಆಚೆ ಇಡು.
ಸಂಜೆಗೆ ‘ಆಚೆ’ ಇಟ್ಟವೇ ಹೆಚ್ಚು.
ಮರೆವೇನೋ ಎಂದು ನಾನೂ ಅಮಾರೋನೂ ಮುಖ ನೋಡಿಕೊಂಡೆವು.
ಕಣ್ಣು ತಪ್ಪಿಸದೆ ಅಂದಳು:
ಮರೆವಲ್ಲ, ಎಲೆಗಳು ಒಂದೇ ಥರ ಇವೆ. ಅಷ್ಟೆ.

ಬೋರ್ಡಿನ ಐಡಿಯಾ ಇರಿಯಾಳದು, ಒಂಬತ್ತು ವರ್ಷ:
ಬಣ್ಣ ಗೊತ್ತಿಲ್ಲ, ಅರ್ಧ ಬೆಲೆ.
ಎಣ್ಣೆ ಪೇಂಟಿನಲ್ಲಿ ಬರೆದು ಗೇಟಿಗೆ ಕಟ್ಟಿದಳು.
ನಾಚಿಕೆಯಾಗಿ ನಾನು ಚಪ್ಪರದೊಳಗೇ ಇದ್ದೆ.
ಮೊದಲು ನಿಂತದ್ದು ಹಾಲಿನ ಟ್ಯಾಂಕರ್.
ಡ್ರೈವರ್ ಎರಡು ಕೊಂಡ:
ಒಂದು ತನಗೆ, ಇನ್ನೊಂದು ಮಾತು ಬಿಟ್ಟ ತಂಗಿಗೆ.
ಕೆಂಪು ಬಂದರೆ ಅವಳ ಅದೃಷ್ಟ, ಎಂದ.
ಶನಿವಾರ ಕೊಡೆಗಳು ಸಾಲುಗಟ್ಟಿದವು.
ಜನ ಮೊಗ್ಗು ಹಿಸುಕಿ, ಕಿವಿಯ ಹತ್ತಿರ ಹಿಡಿದು,
ಕಲ್ಲಂಗಡಿ ಆರಿಸುವವರ ಹಾಗೆ ಆರಿಸಿದರು.
ಹೆಸರಿದ್ದವನ್ನು ಯಾರೂ ಕೇಳಲಿಲ್ಲ.

ಆದರೂ ಎಪ್ಪತ್ತಮೂರು ಗಿಡ ಬೇರು ಕೊಳೆತು ಸತ್ತವು.
ಕುಂಡ ಕವುಚಿದರೆ ಹುಳಿ ವಾಸನೆ.
ಅವುಗಳ ಬಣ್ಣ ಇನ್ನು ಯಾರಿಗೂ ತಿಳಿಯುವುದಿಲ್ಲ,
ಅದು ಬೋರ್ಡಿನಲ್ಲಿಲ್ಲ.

ಮಾರ್ಚಿನಲ್ಲಿ, ಅಮ್ಮನ ಗುಲಾಬಿ ಬಣ್ಣದ್ದು
ಎಂದು ಅತ್ತೆ ಎತ್ತಿಟ್ಟ ಗಿಡ ಅರಳಿತು.
ಅಚ್ಚ ಬಿಳಿ.
ತೋರಿಸಬಾರದೆಂದುಕೊಂಡೆ; ಅವಳೇ ಬಂದಳು.
ತುಂಬ ಹೊತ್ತು ನೋಡಿದಳು,
ಹೂವಿನೊಳಗೆ ನಿಂತ ನೀರನ್ನು ಬೆರಳಿಂದ ಚೆಲ್ಲಿದಳು.
ಆಮೇಲೆ ಏಪ್ರನ್ನಿನ ಜೇಬಿನಿಂದ ಪೆನ್ಸಿಲ್ ತೆಗೆದು
ನನ್ನ ಬಿಳಿ ಪಟ್ಟಿಯ ಮೇಲೇ ಬರೆದಳು:
ಬಿಳಿ. ಮಾರ್ಚ್ ಏಳು. ಮಳೆ.