ಎರಡನೇ ಪುಟದ ಕೆಳಗೆ

ಇಪ್ಪತ್ತಾರು ವರ್ಷದಿಂದ
ಜಾರ್ಜಿಯಾದ ಈ ನಡುಗಾತ್ರದ ಊರಿನ ತಪ್ಪುಗಳೆಲ್ಲ
ನನ್ನ ಮೇಜಿಗೇ ಬಂದು ಕೂರುತ್ತವೆ.
ಎರಡನೇ ಪುಟ, ಎಡಗಡೆ, ತೀರ ಕೆಳಗೆ,
ನದಿಯ ನೀರಿನ ಮಟ್ಟಕ್ಕೂ ಟೈರಿನ ಜಾಹೀರಾತಿಗೂ ನಡುವೆ
ಇರುವೆಸಾಲಿನಂಥ ಅಕ್ಷರದಲ್ಲಿ:
ತಿದ್ದುಪಡಿ.

ಗಡಿಗೆಯ ಬಾಯಿಗಾದರೆ ಮುಚ್ಚಳ ಉಂಟು.
ಊರ ಬಾಯಿ ಬೆಳಗ್ಗೆ ಏಳಕ್ಕೇ ಫೋನು ಮಾಡುತ್ತದೆ.

ಸೋಮವಾರ.
ಮೌಂಟ್ ನೀಬೋ ಚರ್ಚಿನ ಮೀನೂಟ
ತಟ್ಟೆಗೆ ಹನ್ನೆರಡು ಡಾಲರು, ಹತ್ತಲ್ಲ.
ಹತ್ತು ಹಿಡಿದು ಬಂದ ನಲವತ್ತು ಮಂದಿಗೂ
ಪಾದ್ರಿ ಲಿಯೋಟಿಸ್ ಬ್ರಾಡ್‌ನ್ಯಾಕ್ಸ್ ಇಲ್ಲವೆನ್ನದೆ ಬಡಿಸಿದರು;
ಉಳಿದ ಎಂಬತ್ತು ಡಾಲರು
ನಮ್ಮ ಪತ್ರಿಕೆಯ ಹೆಸರಲ್ಲಿ ಸಾಲ ಬರೆದಿಟ್ಟಿದ್ದಾರೆ.

ಮಂಗಳವಾರ.
ತೀರಿಕೊಂಡ ಓಲಾ ಮೇ ಟಿಲರಿಗೆ
ಎಂಬತ್ತೊಂದಲ್ಲ, ಎಪ್ಪತ್ತೊಂಬತ್ತು.
"ಅಕ್ಕ ಪೆಟ್ಟಿಗೆಯಿಂದ ಎದ್ದು ಬಂದಾಳು" ಎಂದಳು ತಂಗಿ.
ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.
ಎರಡು ವರ್ಷ ವಾಪಸು ತೆಗೆದುಕೊಂಡೆ.

ಬುಧವಾರ.
ಕಳೆದುಹೋದ ನಾಯಿಯ ಹೆಸರು ಬಿಸ್ಕೆಟ್, ಬ್ಯಾಸ್ಕೆಟ್ ಅಲ್ಲ.
ಸಿಕ್ಕಿದೆ.
ಎರಡೂ ಹೆಸರಿಗೆ ಓಡಿ ಬರುತ್ತದಂತೆ.

ಗುರುವಾರ ಫೋನು ಬರಲಿಲ್ಲ.
ಬಾಗಿಲು ತಳ್ಳಿಕೊಂಡು ವರ್ಲೀನ್ ಗ್ಯಾಸ್ಕಿನ್ಸ್ ಬಂದಳು,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ತಲೆಯ ಮೇಲೆ ಚರ್ಚಿಗೆ ಹೋಗುವ ನೇರಳೆ ಟೋಪಿ.
ಭಾನುವಾರದ ಪತ್ರಿಕೆ ಮಡಿಸಿ ಹಿಡಿದಿದ್ದಳು.

"ಏಳನೇ ಬೀದಿಯ ಖಾಲಿ ಜಾಗದಲ್ಲಿ ಪಾರ್ಕಿಂಗ್ ಕಟ್ಟಡ,
ಬರೆದದ್ದು ನೀವೇ ತಾನೆ?"
ನಾನೇ.
"ಖಾಲಿ ಎಂದವರು ಯಾರು?"
ನಗರಸಭೆಯ ಕಾಗದ ಎಂದೆ.

ಬೆರಳು ಮಡಿಸತೊಡಗಿದಳು.
ಹೋಸಿಯಾ ಮಿಮ್ಸನ ಕ್ಷೌರದಂಗಡಿ, ಅದರ ಮೇಲೆ ಅವನ ಮನೆ.
ಪಿಯಾನೋ ಕಲಿಸುವ ಯೂಲಾ ಡಾಕಿನ್ಸ್,
ತಪ್ಪು ನುಡಿಸಿದರೆ ಗಂಟಿಗೆ ಹೊಡೆಯುವವಳು.
ಪಿಂಕ್ನಿಯವರು, ಅವರ ಏಳು ಮಕ್ಕಳು, ಒಂದು ಹೇಸರಗತ್ತೆ.
ಒಟ್ಟು ಹನ್ನೊಂದು ಮನೆ.
"ಹೆದ್ದಾರಿಗೆ ಬೇಕು ಅಂದರು. ನನಗೆ ಆಗ ಒಂಬತ್ತು.
ಕೆಡವಿದ ಮೇಲೆ ಹೆದ್ದಾರಿ
ಎರಡು ಬೀದಿ ಆಚೆ ಹೋಯಿತು."

ಚೀಲದಿಂದ ಹಿತ್ತಾಳೆಯ ಗುಂಡನೆಯ ಹಿಡಿಯೊಂದನ್ನು ತೆಗೆದು
ನನ್ನ ಕಾಗದಗಳ ಮೇಲಿಟ್ಟಳು.
ಬಾಗಿಲು ಹೊರಲಾರದೆ ಅವಳಮ್ಮ
ಬೆಳಗಿನ ಜಾವ ಬಿಚ್ಚಿಕೊಂಡದ್ದು.
ಅಂಗೈ ಸವೆಸಿದ ಜಾಗ ಇನ್ನೂ ಹೊಳೆಯುತ್ತಿತ್ತು.

ಅವಳಿಗೆ ನಾನೊಂದು ಹೇಳಲಿಲ್ಲ.
ಆ ಜಾಗದಲ್ಲಿ ಚಿಕ್ಕಂದಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದೆವು,
ನದಿಯಾಚೆಯ ಬಿಳಿಯರ ಹುಡುಗರು.
ಮೊಣಕಾಲೆತ್ತರದ ಹುಲ್ಲಿನಲ್ಲಿ ಮೂರು ಸಿಮೆಂಟಿನ ಮೆಟ್ಟಿಲಿದ್ದವು,
ಹತ್ತಿದರೆ ಬರೀ ಗಾಳಿ.
ಅದೇ ನಮ್ಮ ಎರಡನೇ ಬೇಸ್.
ಯಾರ ಮೆಟ್ಟಿಲು ಎಂದು
ಒಬ್ಬನಾದರೂ ಕೇಳಿದ ನೆನಪಿಲ್ಲ.

"ಮೂರು ಸಾಲು" ಎಂದರು ಸಂಪಾದಕ ಹಟ್ಟೋ, ಕನ್ನಡಕ ಎತ್ತದೆ,
"ಟೈರಿನವನು ದುಡ್ಡು ಕೊಟ್ಟಿದ್ದಾನೆ."

ಶುಕ್ರವಾರ ರಾತ್ರಿ ಹತ್ತೂವರೆವರೆಗೆ ಕೂತೆ.
ಯೂಲಾಳ ಪಿಯಾನೋ ಹಿಡಿಸಲಿಲ್ಲ. ಹೇಸರಗತ್ತೆಯೂ ಹೋಯಿತು.
ಉಳಿದದ್ದು ಇಷ್ಟು:

ಏಳನೇ ಬೀದಿಯ ಜಾಗ ಖಾಲಿ ಎಂದು ಬರೆದಿದ್ದೆವು.
ಅಲ್ಲಿ ಹನ್ನೊಂದು ಮನೆಗಳಿದ್ದವು.
ತಪ್ಪು ನಮ್ಮದು.

ಶನಿವಾರ ಏಳಕ್ಕೆ ಸರಿಯಾಗಿ ಫೋನು.
ವೃದ್ಧಾಶ್ರಮದಿಂದ ಒಂದು ಗಂಡುದನಿ, ಉಬ್ಬಸದ್ದು.
"ಹನ್ನೊಂದಲ್ಲ. ಕ್ಷೌರದಂಗಡಿಯ ಹಿಂದೆ
ಒಂದೇ ಕೋಣೆಯದು ಇನ್ನೊಂದಿತ್ತು.
ನಮ್ಮಪ್ಪ ಐಸು ಮಾರುತ್ತಿದ್ದ.
ಪುಟ್ಟದು, ಆದರೂ ಮನೆಯೇ."

ಪೆನ್ಸಿಲು ಹುಡುಕಿಕೊಂಡೆ.
ಹೆಸರು ಹೇಳಿ ಎಂದೆ.

ಜೂಬಲ್ ಲ್ಯಾಟಿಮೋರ್, ಎಂದ.
ಆಮೇಲೆ, ಊರಿನ ಪತ್ರಿಕೆಯವರನ್ನು ಚೆನ್ನಾಗಿ ಬಲ್ಲವನಂತೆ,
ಒಂದೊಂದೇ ಅಕ್ಷರ
ನಿಲ್ಲಿಸಿ ನಿಲ್ಲಿಸಿ ಬರೆಸಿದ.