ಮೂರನೆಯ ದೀಪ

ಗುಂಡಿ ಒತ್ತಿದರೆ ನಾಲ್ಕು ದೀಪ:
ಖಾಲಿ, ಮೂರರಲ್ಲೊಂದು, ಮೂರರಲ್ಲೆರಡು, ಭರ್ತಿ.
ನನ್ನ ಟ್ರೇಲರಿನಲ್ಲಿ ಮೂರನೆಯದು ಆರುವುದೇ ಇಲ್ಲ.
ಕೊಂಡ ದಿನವೂ ಉರಿಯುತ್ತಿತ್ತು.
ಮಾರಿದವನು ಬಾನೆಟ್ಟಿನ ಮೇಲೆ ನೋಟು ಎಣಿಸುತ್ತ
"ಅದು ಸುಳ್ಳು ಹೇಳುತ್ತೆ, ತಲೆ ಕೆಡಿಸ್ಕೋಬೇಡಿ" ಅಂದ.
ಸುಳ್ಳು ಹೇಳಿದ್ದು ದೀಪವಲ್ಲ.

ಗ್ರಾಫ್ಟನ್ನಿನ ಬಯಲು, ಅಕ್ಟೋಬರ್ ಒಂಬತ್ತು.
ರಾತ್ರಿಯಿಡೀ ಸಕ್ಕರೆ ಬೀಟಿನ ರಾಶಿಯ ಕೆಳಗೆ ನಿಂತು
ಲಾರಿಗಳಿಗೆ ಕೈ ಬೀಸಿ, ಬಾ, ಬಾ, ನಿಲ್ಲು,
ಹನ್ನೆರಡು ತಾಸು ಮಣ್ಣು ತಿಂದು ಬಂದೆ.
ಬಾಗಿಲು ತೆಗೆದರೆ ವಾಸನೆ
ನನಗಿಂತ ಮೊದಲೇ ಬಂದು
ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿತ್ತು.

ನನ್ನದೇ ಆಗಿದ್ದರೆ ನಾಚಿಕೆಯಾಗುತ್ತಿತ್ತು.
ನಾನು ಸೇರಿ ಆರೇ ದಿನ. ಇದು ಹಿಂದಿನವರದು.
ಕವಾಟ ಸದಾ ತೆರೆದಿಟ್ಟಿದ್ದಾರೆ,
ನೀರೆಲ್ಲ ಹರಿದುಹೋಗಿ, ಹೋಗಲಾರದ್ದು ನಿಂತಿದೆ:
ಬಟ್ಟಲಿನ ನೇರ ಕೆಳಗೆ
ಒಂದರ ಮೇಲೊಂದು ಕೂತು, ಒಣಗಿ, ಹುತ್ತ.
ಟಾರ್ಚ್ ಬಿಟ್ಟು ನೋಡಿದೆ.
ಹುತ್ತವೂ ನನ್ನನ್ನು ನೋಡಿತು.

ಪಕ್ಕದ ಟ್ರೇಲರಿನ ಯೂಸೆಬಿಯೊ ಏನೂ ಕೇಳಲಿಲ್ಲ,
ಅವನ ಮೂಗು ಆಗಲೇ ಕೇಳಿಯಾಗಿತ್ತು.
ಟೆಕ್ಸಾಸಿನ ವೆಸ್ಲಾಕೊದಿಂದ ಹದಿನೇಳು ಸುಗ್ಗಿ ಬಂದುಹೋದವನು,
ಮೊಣಕೈವರೆಗಿನ ರಬ್ಬರ್ ಗವಸು ತಂದುಕೊಟ್ಟ.
"ಮೊದಲು ಮುಚ್ಚು, ಮಾರ್ಲಿಸ್. ಎಲ್ಲರೂ ಮೊದಲು ತೆರೆಯುತ್ತಾರೆ.
ಮುಚ್ಚು, ಬಿಸಿನೀರು ತುಂಬು, ಪಾತ್ರೆ ಸೋಪು ಸುರಿ.
ನೆನೆಯಲಿ. ಕಡಲೆಯೇ ರಾತ್ರಿಯಿಡೀ ಕೇಳುತ್ತೆ,
ಇದು ಕೇಳದೇ ಇರುತ್ತಾ?
ನನ್ನ ಹೆಂಡತಿ ನನ್ನನ್ನು ನೆನೆಹಾಕಿ ಇಪ್ಪತ್ತು ವರ್ಷ."

ಮೂರು ದಿನ ನೆನೆಯಿತು.
ಮೂರು ದಿನ ನಾನು ನೈಟಿಯ ಮೇಲೆ ಕೋಟು ಹಾಕಿ
ಹೆಪ್ಪುಗಟ್ಟಿದ ಹುಲ್ಲು ಕರಕರ ತುಳಿಯುತ್ತ
ಮೈದಾನದಾಚೆಯ ಕಕ್ಕಸಿಗೆ ನಡೆದೆ.
ನಾಲ್ಕನೆಯ ದಿನ ಎರಡು ಚೀಲ ಐಸು ಕೊಂಡೆ.
ಆ ಚಳಿಯಲ್ಲಿ ಐಸು ಕೊಳ್ಳುವವಳನ್ನು
ಅಂಗಡಿಯ ಹುಡುಗಿ ಎರಡು ಸಲ ನೋಡಿದಳು.
ಐಸನ್ನು ಬಟ್ಟಲಿಗೆ ಸುರಿದು, ಗಾಡಿಯನ್ನು ಟ್ರಕ್ಕಿಗೆ ಕಟ್ಟಿ
ಗುಂಡಿಬಿದ್ದ ರಸ್ತೆಯಲ್ಲಿ ಗಡಗಡ ಓಡಾಡಿಸಿದೆವು.
ಉಪಯೋಗವಾಯಿತೋ ಇಲ್ಲವೋ,
ಸದ್ದಂತೂ ಮದುವೆ ದಿಬ್ಬಣದ್ದು.

ಮೋರಿಯ ಬಾಯಿಗೆ ಕೊಳವೆ ಸಿಕ್ಕಿಸಿ, ಹಿಡಿ ಎಳೆದೆ.
ಕೊಳವೆಯ ತಿರುವಿನಲ್ಲಿ ಗಾಜಿನಂಥದೊಂದು ತುಂಡು.
ಇದನ್ನೆಲ್ಲ ಕಣ್ಣಾರೆ ಯಾಕೆ ನೋಡಬೇಕು ಅಂದುಕೊಂಡಿದ್ದೆ.
ಕಣ್ಣು ಕೀಳಲಾಗಲಿಲ್ಲ.
ಮೊದಲು ಏನೂ ಇಲ್ಲ.
ಆಮೇಲೆ ಒಂದು ನಿಟ್ಟುಸಿರು,
ಗಾಡಿಯ ಸೊಂಟವೇ ಸಡಿಲಾದಂತೆ,
ಆಮೇಲೆ ಕಪ್ಪು, ಕಂದು, ಮತ್ತೆ ಕಪ್ಪು, ಮತ್ತೆ ತಿಳಿ.
ಕೊನೆಗೆ
ಟಿಕ್. ಟಿಕ್ ಟಿಕ್.
ಚೆರಿ ಹಣ್ಣಿನ ಬೀಜ. ಒಂದು ಹಿಡಿ, ಮೂರು ಹಿಡಿ,
ತಿರುವಿನಲ್ಲಿ ಸುತ್ತು ಹೊಡೆದು ಹೊಡೆದು ಹೋದವು.

"ಯಾಕಿಮಾ ಕಡೆಯ ತೋಟ. ಜೂನ್ ತಿಂಗಳು" ಅಂದ ಯೂಸೆಬಿಯೊ.
"ಕೊಯ್ಯುವಾಗ ತಿಂದರೆ ಮೇಸ್ತ್ರಿ ಕೂಲಿ ಮುರಿಯುತ್ತಾನೆ.
ಉಗುಳಿದರೆ ಗೊತ್ತಾಗುತ್ತಲ್ಲ,
ಮಕ್ಕಳು ಬೀಜದ ಸಮೇತ ನುಂಗುತ್ತಾರೆ.
ನಾನೂ ನುಂಗಿದ್ದೆ."

ಆರು ದಿನ, ಮೇಲೆ ನಾಲ್ಕು ದಿನ ಬೈದ ಬೈಗುಳವನ್ನು
ಪೂರ್ತಿ ವಾಪಸು ತಗೊಂಡೆ ಎನ್ನಲಾರೆ.
ಕವಾಟ ಮುಚ್ಚಬಹುದಿತ್ತು ಅವರು.

ಪಾತ್ರೆ ತೊಳೆದ ನೀರಿನ ಟ್ಯಾಂಕನ್ನು ಆಮೇಲೆ ಬಿಟ್ಟು
ಕೊಳವೆ ತೊಳೆದೆ. ಎಲ್ಲ ಮುಚ್ಚಿದೆ.
ಮುಂದಿನದಕ್ಕೆ ಎರಡು ಬಕೆಟ್ ನೀರು ತಳಕ್ಕೆ ಹಾಕಿ
ಗುಂಡಿ ಒತ್ತಿದೆ.
ಮೂರನೆಯದು ಉರಿಯಿತು.
"ಒಂದು ಬೀಜ ಅಲ್ಲೇ ಕಚ್ಚಿಕೊಂಡಿರಬೇಕು."
ಇರಲಿ ಬಿಡು ಅಂದೆ.

ಎಂಟಕ್ಕೆ ಪಾಳಿ. ಹೊರಟು ಹಿಂತಿರುಗಿ ನೋಡಿದರೆ
ತೊಳೆದು ಬೇಲಿಗೆ ಸಿಕ್ಕಿಸಿದ ಗವಸೆರಡೂ
ಗಾಳಿ ತುಂಬಿಕೊಂಡು, ಐದೈದು ಬೆರಳು ಬಿಡಿಸಿ,
ಕತ್ತಲಲ್ಲಿ ಯಾವುದೋ ಲಾರಿಗೆ
ಬಾ, ಬಾ ಅನ್ನುತ್ತಿದ್ದವು.