ಸೌದೆಯ ಲೆಕ್ಕ

ಹಳೆಯದು ಉರಿಯುತ್ತಿತ್ತು, ಇದು ಬರೀ ಬೆಳಗುತ್ತದೆ
ಎಂದು ಕಲ್ಯು ಗೊಣಗಿದಾಗ
ಲೆಕ್ಕದ ಪುಸ್ತಕ ತೆರೆದು ಅವನ ಮೂಗಿನಡಿ ಹಿಡಿದೆ:
ಹೋದ ಜನವರಿ ಐವತ್ತೆಂಟು ಯೂರೋ,
ಈ ಜನವರಿ ನಲವತ್ತೊಂದು.
ಹದಿನೇಳು ಯೂರೋ ಅಂದರೆ
ಒಂದು ಜೊತೆ ರಬ್ಬರ್ ಬೂಟು,
ಇಲ್ಲವೇ ಆಡಿಗೆ ಒಂದು ತಿಂಗಳ ಹಿಂಡಿ.
ಉರಿಯಲಿಕ್ಕೆ ನೀನಿದ್ದೀಯಲ್ಲ, ಸಾಕು, ಅಂದೆ.

ವೋರು ಪೇಟೆಯ ಅಂಗಡಿಯವನು
ರಟ್ಟಿನ ಮೇಲಿದ್ದುದನ್ನು ಓದಿ ಹೇಳಿದ್ದ:
ಎಂಟು ಸಾವಿರ ಗಂಟೆ, ಗ್ಯಾರಂಟಿ.
ಡಿಸೆಂಬರಿನಲ್ಲಿ ಮೂರೂವರೆಗೇ ಕತ್ತಲಾಗುವ
ನಮ್ಮ ಎಸ್ಟೋನಿಯಾದಲ್ಲಿ
ಅದೇನೂ ದೂರದ ಮಾತಲ್ಲ. ಆದರೂ ಆರು ತಂದೆ,
ಚಳಿಗೆ ಮುದುಡಿದ ಹುಳದಂಥ
ಬಿಳೀ ಸುರುಳಿಗಳು.

ನೆಲಮಾಳಿಗೆಯಲ್ಲಿ ಸ್ವಿಚ್ ಒತ್ತಿದರೆ
ನಿದ್ದೆಗಣ್ಣಿನ ಹುಡುಗ ಹಾಸಿಗೆಯಿಂದಲೇ ಓಗೊಟ್ಟ ಹಾಗೆ
ಒಂದಿಷ್ಟು ಬೂದುಬೆಳಕು.
ಅದು ಪೂರಾ ಕಣ್ಣು ಬಿಡುವಷ್ಟರಲ್ಲಿ
ನಾನು ತಡವಿ ತಡವಿ
ಉಪ್ಪು ಸೌತೆಯ ಭರಣಿ ಹುಡುಕಿ
ಮೆಟ್ಟಿಲು ಹತ್ತಿಯಾಗಿರುತ್ತಿತ್ತು.
ಹಾಗಿದ್ದರೆ ಹಾಕುವುದೇ ಬೇಡ, ಅಂದ ಕಲ್ಯು,
ಇನ್ನೂ ಉಳಿತಾಯ.

ಪಕ್ಕದ ಮನೆಯ ಹೆಲ್ಬೆಗೆ
ಆ ದೀಪದಡಿ ಕೂತು ಕೆಂಪು ಕೈಗವಸು ಹೆಣೆದೆ.
ಬೆಳಿಗ್ಗೆ ಕಿಟಕಿಗೆ ಹಿಡಿದರೆ
ಒಂದರ ಹೆಬ್ಬೆರಳು ಮಾತ್ರ ಕಂದು!
ಬಿಚ್ಚುವ ತಾಳ್ಮೆ ಇರಲಿಲ್ಲ, ಕೊಟ್ಟುಬಿಟ್ಟೆ.
ಅವಳೋ ಅದನ್ನು ಹೊಸ ಫ್ಯಾಷನ್ ಎಂದುಕೊಂಡು
ಚರ್ಚಿಗೂ ತೊಟ್ಟು ಹೋದಳು.

ಮಾರ್ಚಿನಲ್ಲಿ ಏಣಿ ತಾಗಿ ಒಂದು ಒಡೆಯಿತು.
ಒಳಗೆ ಪಾದರಸವಂತೆ, ಪೊರಕೆ ಮುಟ್ಟಬಾರದಂತೆ,
ಕಿಟಕಿ ತೆರೆದಿಡಬೇಕಂತೆ.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ತುಪ್ಪಳದ ಟೋಪಿ ಹಾಕಿಕೊಂಡು ನಾವಿಬ್ಬರೂ
ನಮ್ಮದೇ ಮನೆಯ ಹೊಸ್ತಿಲಾಚೆ
ಪರೀಕ್ಷೆಗೆ ತಡವಾದ ಮಕ್ಕಳಂತೆ ಕಾದೆವು.
ಚೂರುಗಳನ್ನು ರಟ್ಟಿನಿಂದ ಬಳಿದು ಜಾಮಿನ ಬಾಟಲಿಗೆ ತುಂಬಿ
ಪುರಸಭೆಯ ವಿಷದ ಡಬ್ಬಕ್ಕೆ ಹಾಕಲು ಬಸ್ಸು ಹತ್ತಿದೆ.
ಬಾಟಲಿಯ ಮೇಲೆ ನನ್ನದೇ ಅಕ್ಷರ:
ಕಪ್ಪು ಕರಂಟ್, ತುಂಬ ಸಿಹಿ.

ಆಮೇಲೆ ಎಲ್‌ಇಡಿ ಬಂತು.
ಅದಕ್ಕೆ ಆಕಳಿಕೆಯಿಲ್ಲ, ಪಾದರಸವಿಲ್ಲ;
ಒತ್ತಿದೊಡನೆ ಬೆಳಕು, ಮುಟ್ಟಿದರೆ ತಣ್ಣಗೆ.
ಬಿಲ್ಲು ಮೂವತ್ತಮೂರಕ್ಕಿಳಿಯಿತು. ನನಗೆ ಆಸೆ ಹೆಚ್ಚಿತು.
ಬಾವಿಯ ಪಂಪಿನ ಗೂಡಿನಲ್ಲಿ
ಹಗಲೂ ರಾತ್ರಿ ಉರಿಯುತ್ತಿದ್ದ ನಲವತ್ತು ವ್ಯಾಟಿನದು,
ಅದನ್ನೂ ಬದಲಿಸು, ಅಂದೆ.
ಕಲ್ಯು ನನ್ನ ಮುಖ ನೋಡಿದ.
ಬಾಯಿ ತೆರೆದ. ಮುಚ್ಚಿದ. ಬದಲಿಸಿದ.

ಮೂರನೆಯ ರಾತ್ರಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಬೆಳಿಗ್ಗೆ ನಲ್ಲಿ ಒಮ್ಮೆ ಕೆಮ್ಮಿತು, ಅಷ್ಟೇ.

ನಾಲ್ಕು ದಿನ ಹೆಲ್ಬೆಯ ಮನೆಯಿಂದ ಬಕೆಟ್ಟು ಹೊತ್ತೆ,
ಅವಳ ಕಂದು ಹೆಬ್ಬೆರಳು ಬಾಗಿಲು ತೆರೆಯುವುದನ್ನು ನೋಡುತ್ತ.
ಕೂದಲು ಒಣಗಿಸುವ ಯಂತ್ರ ಹಿಡಿದು
ಪೈಪಿನ ಮುಂದೆ ಕಲ್ಯು ಮಂಡಿಯೂರಿದ.
ಯಾರ ಕೂದಲಿಗೂ ಅಷ್ಟು ಕರೆಂಟು ಸುಟ್ಟಿದ್ದಿಲ್ಲ.
ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ;
ಹೇಳಿಯೇ ಇರಲಿಲ್ಲವಲ್ಲ.

ನೂರಕ್ಕೆ ತೊಂಬತ್ತೈದು ಪಾಲು ಬಿಸಿಯಾಗಿ ಪೋಲು:
ಹಳೆಯ ಬಲ್ಬಿನ ಮೇಲೆ ಇದ್ದ ದೂರು ಅದು.
ಇಪ್ಪತ್ತು ಚಳಿಗಾಲ ನಮ್ಮ ನೀರು
ಆ ಪೋಲಿನಲ್ಲೇ ಬದುಕಿತ್ತು.
ಆ ಗೂಡಿನಲ್ಲಿ ಯಾರೂ ಏನನ್ನೂ ಓದುತ್ತಿರಲಿಲ್ಲ.

ಸೌನಾದ ಬೆಂಚಿನಡಿಯಿಂದ, ಉಣ್ಣೆಯ ಕಾಲುಚೀಲದೊಳಗಿಂದ
ಒಂದು ಬಲ್ಬು ಹೊರಬಂತು.
ಇನ್ನೆಷ್ಟು ಬಚ್ಚಿಟ್ಟಿದ್ದೀಯ?
ಕೆಲವು, ಅಂದ.
ಮೂವತ್ತೆರಡು. ನಾನು ಎಂದೋ ಎಣಿಸಿದ್ದೆ,
ಕಾಲುಚೀಲ ಯಾಕೆ ಕಡಿಮೆಯಾಗುತ್ತಿವೆ ಎಂದು ಹುಡುಕುವಾಗ.

ಈಗ ಅಡುಗೆಮನೆಯಲ್ಲಿ ತಣ್ಣನೆಯ ದೀಪದಡಿ ಲೆಕ್ಕ ಬರೆಯುತ್ತೇನೆ.
ಕೆಂಪು ಕೆಂಪಾಗಿಯೇ ಕಾಣುತ್ತದೆ, ಒಪ್ಪಿದೆ.
ಕಿಟಕಿಯಾಚೆ ಪಂಪಿನ ಗೂಡಿನ ಸಂದಿಯಲ್ಲಿ ಹಳದಿ ಗೆರೆ;
ಗೋಡೆಗೆ ಒತ್ತಿ ಗೇಣಗಲ ಹಿಮ ಕರಗಿದೆ.
ಅಲ್ಲಿ ಯಾರದೋ ಬೆಕ್ಕು.
ಆ ನಲವತ್ತು ವ್ಯಾಟಿನ ಖರ್ಚನ್ನು
'ಬೆಳಕು' ಎಂಬ ಸಾಲಿನಲ್ಲಿ ಬರೆಯಹೋಗಿ ತಡೆದು,
ಪುಟ ತಿರುವಿ
'ಸೌದೆ' ಎಂಬಲ್ಲಿ ಬರೆದೆ.